ಒಂಬತ್ತು ಪತ್ರಗಳ ತೂಕ

ಸರಕಾರಿ ಕಚೇರಿಗಳಲ್ಲಿ ಆಕೆಯನ್ನು ಎಲ್ಲರೂ ‘ಜರಡಿಯಮ್ಮ’ ಎಂದೇ ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಎದುರಿಗೆ ‘ಬನ್ನಿ ಮೇಡಂ’ ಎಂದು ಉಪಚರಿಸುವ ನಾಲಗೆಯೇ, ಆಕೆ ಮೆಟ್ಟಿಲಿಳಿದ ಮರುಗಳಿಗೆ ‘ಇವತ್ತು ಯಾರನ್ನ ಜರಡಿ ಹಿಡಿಯೋಕೆ ಬಂದಿದ್ರೋ’ ಎನ್ನುತ್ತಿತ್ತು. ಆಕೆಗೆ ಅದು ತಿಳಿಯದ ಸಂಗತಿಯೇನಲ್ಲ. ತಿಳಿದೂ ಒಳಗೊಳಗೇ ತುಸು ಹಿಗ್ಗುತ್ತಿದ್ದಳೆಂದರೆ ಸುಳ್ಳಾಗದು.

ಸರಕಾರದ ಮಿಂಚಂಚೆಯ ಪೆಟ್ಟಿಗೆಗಳಿಗೆ ಯಾವ ಪತ್ರ ಯಾವಾಗ ಬಂತು, ಯಾರು ತೆರೆದರು, ಯಾರು ಅಳಿಸಿದರು, ಕಾಪಿಡಬೇಕಾದ ದಾಖಲೆ ಉಳಿದಿದೆಯೋ ಇಲ್ಲವೋ ಎಂಬುದನ್ನು ಶೋಧಿಸಿ ಬರೆದುಕೊಡುವುದು ಆಕೆಯ ಉದ್ಯೋಗ. ಹತ್ತೊಂಬತ್ತರ ಹರೆಯದಲ್ಲಿ ಬೆರಳಚ್ಚುಗಾರ್ತಿಯಾಗಿ ಸೇರಿದವಳು. ಬೆರಳಚ್ಚು ಯಂತ್ರಗಳನ್ನು ಗುಜರಿಗೆ ಸಾಗಿಸಿ ಕಂಪ್ಯೂಟರುಗಳನ್ನು ತಂದಿರಿಸಿದ ವರ್ಷ, ಉಳಿದವರೆಲ್ಲ ಅವು ಮುಟ್ಟಿದರೆ ಕಚ್ಚುವ ಪ್ರಾಣಿಗಳೆಂಬಂತೆ ದೂರ ನಿಂತಾಗ, ಈಕೆ ಅದರ ಕೈಪಿಡಿಯನ್ನು ಮನೆಗೊಯ್ದು, ತೊಡೆಯ ಮೇಲೆ ಮಗುವನ್ನು ಮಲಗಿಸಿಕೊಂಡು ಓದಿ ಮುಗಿಸಿದಳು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಪರೀಕ್ಷಕಿಯೆಂಬ ಪದವಿ ಬಂತು. ಮೂರನೆಯ ಮಹಡಿಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ ಬಂತು. ಮಾತಿಗೆ ಬೆಲೆ ಬಂತು. ವಿಚಾರಣೆಗಳಲ್ಲಿ ಆಕೆಯ ವರದಿಯನ್ನು ಓದಿದ ಮೇಲೆ ಎದುರುವಾದಕ್ಕೆ ಬಾಯಿ ತೆರೆಯುವವರು ವಿರಳ. ತಾನು ಬರೆದ ವಾಕ್ಯ ಕದಲದು ಎಂಬ ನಂಬಿಕೆ ಆಕೆಯಲ್ಲಿಯೂ ಬೇರೂರಿತ್ತು. ಆ ಬೇರು ಕಿತ್ತು ಬಂದದ್ದು ಒಂದು ಮಂಗಳವಾರ, ಬೆಳಿಗ್ಗೆ ಹತ್ತೂವರೆಗೆ, ಮುದ್ರಣಯಂತ್ರದ ಮುಂದೆ.

ಆ ದಿನದ ಸಂಕಟ ತಿಳಿಯಬೇಕಾದರೆ ಅದರ ಹಿಂದಿನ ನಾಲ್ಕು ತಿಂಗಳನ್ನು ಹೇಳಬೇಕು. ನಗರದ ಉತ್ತರ ಬಡಾವಣೆಗೆ ಹೋಗುವ ನೀರು ಕೆಟ್ಟಿತ್ತು. ನೀರನ್ನು ಪರೀಕ್ಷಿಸುವ ಪ್ರಯೋಗಾಲಯದವರು, ‘ನಾಲ್ಕನೆಯ ಜಲಾಗಾರವನ್ನು ಕೂಡಲೇ ಮುಚ್ಚಿರಿ’ ಎಂದು ನೀರು ಸರಬರಾಜು ಕಚೇರಿಗೆ ಕೆಟ್ಟದ್ದು ಕಂಡ ದಿನವೇ ಮಿಂಚಂಚೆ ಕಳುಹಿಸಿದ್ದರು. ಯಾರೂ ಮುಚ್ಚಲಿಲ್ಲ. ಹನ್ನೊಂದು ದಿನ ಆ ನೀರು ಕೊಳಾಯಿಗಳಲ್ಲಿ ಹರಿಯಿತು. ನಲವತ್ತಾರು ಮಂದಿ ಆಸ್ಪತ್ರೆ ಸೇರಿದರು. ಅವರಲ್ಲಿ ಒಬ್ಬ ಮುದುಕ ಮನೆಗೆ ಮರಳಲಿಲ್ಲ. ಪತ್ರ ಬಂದೇ ಇಲ್ಲವೆಂದಿತು ಕಚೇರಿ; ಕಳುಹಿಸಿದ್ದೇವೆಂದಿತು ಪ್ರಯೋಗಾಲಯ. ವಿಚಾರಣೆಗೆ ನಿವೃತ್ತ ನ್ಯಾಯಾಧೀಶರೊಬ್ಬರು ನೇಮಕವಾದರು. ಮಿಂಚಂಚೆಯ ಶೋಧ ಜರಡಿಯಮ್ಮನ ಪಾಲಿಗೆ ಬಂತು.

ಆರು ದಿನದಲ್ಲಿ ಆಕೆ ಗಂಟು ಬಿಚ್ಚಿದಳು. ಪತ್ರ ಬಂದಿತ್ತು, ಬೆಳಿಗ್ಗೆ ಹನ್ನೊಂದೂಕಾಲಿಗೆ. ಅದೇ ಮಧ್ಯಾಹ್ನ ಹನ್ನೆರಡು ನಲವತ್ತೊಂದರಿಂದ ನಲವತ್ತೊಂಬತ್ತರೊಳಗೆ, ಅದನ್ನೂ ಸೇರಿಸಿ ಒಂಬತ್ತು ಪತ್ರಗಳು ತೆರೆಯದೆಯೇ ಅಳಿಸಿಹೋಗಿದ್ದವು. ಅಳಿಸಿದ್ದು ಟಪಾಲು ಶಾಖೆಯ ಗುಮಾಸ್ತೆಯ ಹೆಸರಿನ ಖಾತೆಯಿಂದ, ಅವಳದೇ ಮೇಜಿನ ಕಂಪ್ಯೂಟರಿನಿಂದ. ಅಳಿಸಿದವು ಹೋಗಿ ಬೀಳುವ ಕಸದಬುಟ್ಟಿಯನ್ನೂ ಬರಿದು ಮಾಡಲಾಗಿತ್ತು. ಜರಡಿಯಮ್ಮ ಬರೆದಳು: ‘ಪತ್ರವನ್ನು ಗುಮಾಸ್ತೆಯು ಅಳಿಸಿದ್ದಾರೆ. ಕಸದಬುಟ್ಟಿಯನ್ನೂ ಬರಿದು ಮಾಡಿರುವುದರಿಂದ ಸಾಕ್ಷ್ಯನಾಶದ ಉದ್ದೇಶ ಸ್ಪಷ್ಟ. ಉಳಿದ ಎಂಟು ಪತ್ರಗಳನ್ನು ಅಳಿಸಿರುವುದು ಮುಖ್ಯ ಪತ್ರದ ಅಳಿವನ್ನು ಮರೆಮಾಚಲು.’

ತಾನು ಹನ್ನೆರಡು ಗಂಟೆಗೇ ತಾಯಿಯ ಕನ್ನಡಕ ತರಲು ಹೊರಗೆ ಹೋಗಿದ್ದೆನೆಂದು ಗುಮಾಸ್ತೆ ತನ್ನ ಕಚೇರಿಯ ಮೇಲಧಿಕಾರಿಗಳಿಗೆ ಹೇಳಿಕೊಂಡಳು. ಹಾಜರಿ ಪುಸ್ತಕದಲ್ಲಿ ಬೆಳಗಿನ ಸಹಿಯಿತ್ತು, ಹೊರಗೆ ಹೋದ ಗುರುತಿರಲಿಲ್ಲ. ಕನ್ನಡಕದಂಗಡಿಯವನಿಗೆ ನೆನಪಿರಲಿಲ್ಲ. ಮೇಲಧಿಕಾರಿಗಳು ಶಾಖೆಯ ಅಧೀಕ್ಷಕರನ್ನು ಕೇಳಿದರೆ ಅವರಿಗೂ ನೆನಪಿರಲಿಲ್ಲ. ವರದಿ ಹೋದ ಮೂರನೆಯ ದಿನ ಗುಮಾಸ್ತೆ ಅಮಾನತಾದಳು. ಇನ್ನುಳಿದದ್ದು ಬುಧವಾರ ಹನ್ನೊಂದು ಗಂಟೆಯ ವಿಚಾರಣೆ. ಅಲ್ಲಿ ಪರೀಕ್ಷಕಿ ಸಾಕ್ಷಿ ನುಡಿದೊಡನೆ ಅವಳ ಕೆಲಸ ಹೋಗುವುದು, ಪೊಲೀಸರ ಮೊಕದ್ದಮೆ ಏಳುವುದು.

ಅದರ ಹಿಂದಿನ ಬೆಳಿಗ್ಗೆ ನ್ಯಾಯಾಧೀಶರ ಕಚೇರಿಯಿಂದ ಒಂದು ಕೋರಿಕೆ ಬಂತು. ಅವರ ಕಣ್ಣಿಗೆ ಪೊರೆ; ಅಳಿಸಿದ ಪತ್ರಗಳ ಪಟ್ಟಿಯನ್ನು ದಪ್ಪ ಅಕ್ಷರದಲ್ಲಿ, ಅಗಲ ಹಾಳೆಯ ಮೇಲೆ ಮತ್ತೆ ಮುದ್ರಿಸಿ ಕಳುಹಿಸಬೇಕು. ಮೊದಲ ಸಲ ಸಾಧಾರಣ ಹಾಳೆಯಲ್ಲಿ ಮುದ್ರಿಸುವಾಗ ಆಕೆ, ತನ್ನ ಬಹುಕಾಲದ ರೂಢಿಯಂತೆ, ಪುಟದ ಅಗಲಕ್ಕೆ ಒಗ್ಗದ ಮೂರು ಕಾಲಮ್ಮುಗಳನ್ನು ಕೈಬಿಟ್ಟಿದ್ದಳು. ಈಗ ಹಾಳೆಯಲ್ಲಿ ಜಾಗ ಮಿಕ್ಕಿತು. ಮಿಕ್ಕ ಜಾಗ ಬೋಳಾಗಿ ಕಾಣಬಾರದೆಂದು ಕೈಬಿಟ್ಟವನ್ನು ಮರಳಿ ಸೇರಿಸಿ ಗುಂಡಿಯೊತ್ತಿದಳು. ಯಂತ್ರ ಗೊರಗೊರ ಸದ್ದು ಮಾಡುತ್ತ ಹಾಳೆಯನ್ನು ಹೊರತಳ್ಳಿತು. ಬಲತುದಿಯಲ್ಲಿ ಹೊಸದಾಗಿ ಸೇರಿದ್ದ ಕಾಲಮ್ಮು ಪತ್ರದ ಗಾತ್ರದ್ದು, ಮೆಗಾಬೈಟುಗಳಲ್ಲಿ.

ಇಪ್ಪತ್ತೆಂಟು. ಇಪ್ಪತ್ತಾರು. ಇಪ್ಪತ್ತೊಂದು. ಹತ್ತೊಂಬತ್ತು. ಹದಿನಾರು. ಹದಿನಾಲ್ಕು. ಹನ್ನೊಂದು. ಒಂಬತ್ತು. ಏಳು.

ಆಕೆ ಹಾಳೆಯನ್ನು ಕೈಯಲ್ಲಿ ಹಿಡಿದು ನಿಂತಲ್ಲೇ ನಿಂತಳು. ಅಂಕೆಗಳು ಮೆಟ್ಟಿಲಿಳಿದಂತೆ ಇಳಿದಿದ್ದವು. ಮೊದಲನೆಯದು ಯಾವುದೋ ಪಂಪುಮನೆಯ ಉದ್ಘಾಟನೆಯ ವಿಡಿಯೊ. ಎರಡನೆಯದು ಪ್ರಯೋಗಾಲಯದ ಪತ್ರ, ಹದಿನಾಲ್ಕು ಛಾಯಾಚಿತ್ರಗಳನ್ನು ಹೊತ್ತು ಬಂದದ್ದು. ಮೂರನೆಯದು ಒಬ್ಬ ಅಧಿಕಾರಿಯ ಬೀಳ್ಕೊಡುಗೆಯ ಚಿತ್ರಗಳು. ಒಂದು ಪತ್ರವನ್ನು ಬಚ್ಚಿಡಬೇಕೆನ್ನುವವನು ಹೀಗೆ ತೂಗಿ ತೂಗಿ ಅಳಿಸುತ್ತಾನೆಯೇ?

ಕುರ್ಚಿಯನ್ನೂ ಎಳೆದುಕೊಳ್ಳದೆ, ನಿಂತೇ, ಆ ದಿನದ ಉಳಿದ ದಾಖಲೆಗಳನ್ನು ತೆರೆದಳು. ಹನ್ನೆರಡು ಇಪ್ಪತ್ತೆರಡಕ್ಕೆ ಸಚಿವಾಲಯದ ಒಂದು ಪತ್ರ, ಹನ್ನೆರಡು ಮೂವತ್ತೊಂದಕ್ಕೆ ಇನ್ನೊಂದು, ‘ಪೆಟ್ಟಿಗೆ ತುಂಬಿದೆ’ ಎಂಬ ಕಾರಣದಿಂದ ಹಿಂದಿರುಗಿದ್ದವು. ಇದನ್ನು ಆಕೆ ಮೊದಲ ಶೋಧದಲ್ಲಿಯೂ ಕಂಡಿದ್ದಳು. ತನಗೆ ಸಂಬಂಧವಿಲ್ಲದ್ದೆಂದು ದಾಟಿಹೋಗಿದ್ದಳು. ತುಂಬಿದ ಪೆಟ್ಟಿಗೆಯಲ್ಲಿ ಜಾಗ ಮಾಡಲು ಯಾರೋ ಗಾತ್ರದ ಪ್ರಕಾರ ಜೋಡಿಸಿ, ದಪ್ಪನೆಯ ಪತ್ರಗಳನ್ನು ಮೇಲಿನಿಂದ ತೆಗೆದುಹಾಕಿದ್ದಾರೆ. ಕಸದಬುಟ್ಟಿಯನ್ನು ಬರಿದು ಮಾಡದೆ ಪೆಟ್ಟಿಗೆಯಲ್ಲಿ ಜಾಗ ತೆರವಾಗುವುದಿಲ್ಲ; ಆದ್ದರಿಂದಲೇ ಬರಿದು ಮಾಡಿದ್ದಾರೆ. ಉದ್ದೇಶ, ಮರೆಮಾಚುವಿಕೆ, ಸಾಕ್ಷ್ಯನಾಶ ಇವೆಲ್ಲ ಯಂತ್ರ ಹೇಳಿದ ಮಾತುಗಳಲ್ಲ, ತಾನು ಹೇಳಿಸಿದವು.

ಅದಕ್ಕಿಂತಲೂ ದೊಡ್ಡ ಪ್ರಶ್ನೆ ಆಗ ಎದೆಯನ್ನು ಹಿಡಿಯಿತು. ಯಂತ್ರಕ್ಕೆ ಖಾತೆಯ ಹೆಸರು ಗೊತ್ತು, ಕೈ ಗೊತ್ತಿಲ್ಲ. ಆ ಎಂಟು ನಿಮಿಷ ಆ ಕುರ್ಚಿಯಲ್ಲಿ ಕುಳಿತವರು ಯಾರು? ಇದನ್ನು ತಾನು ಒಬ್ಬರನ್ನಾದರೂ ಕೇಳಿದ್ದುಂಟೇ? ಇಲ್ಲ. ಕೇಳಿರಲಿಲ್ಲ. ಪರೀಕ್ಷಕಿ ಹಾಳೆಯನ್ನು ಹಿಡಿದು ಕೋಣೆಯಿಂದ ಹೊರಬಿದ್ದಳು.

ತನ್ನ ಶಾಖೆಯ ನಿರ್ದೇಶಕರ ಕೋಣೆಗೆ ಹೋದಾಗ ಅವರು ಕನ್ನಡಕವನ್ನು ಹಣೆಗೇರಿಸಿ ಏನನ್ನೋ ಹುಡುಕುತ್ತಿದ್ದರು. ಹುಡುಕುತ್ತಿದ್ದುದು ಬಹುಶಃ ಕನ್ನಡಕವನ್ನೇ.

‘ಬನ್ನಿ, ಕೂತ್ಕೊಳ್ಳಿ. ಏನು, ಮುಖ ಬಿಳಿಚಿಕೊಂಡಿದೆ?’

‘ಸರ್, ನೀರಿನ ಕೇಸಿನಲ್ಲಿ ನನ್ನ ವರದಿ ತಪ್ಪಾಗಿದೆ.’

‘ತಪ್ಪು ಅಂದ್ರೆ? ಪತ್ರ ಅಳಿಸಿಲ್ವಾ?’

‘ಅಳಿಸಿದೆ.’

‘ಆ ಹುಡುಗಿ ಖಾತೆಯಿಂದ ತಾನೇ?’

‘ಅವಳ ಖಾತೆಯಿಂದಲೇ.’

‘ಮತ್ತೆ ತಪ್ಪು ಎಲ್ಲಿಂದ ಬಂತು ತಾಯಿ? ಸುಮ್ನೆ ಇರೋ ನೆಮ್ಮದೀನ ಕೆಡಿಸ್ಕೊಳ್ತಾ ಇದ್ದೀರಿ.’

ಆಕೆ ಅಗಲ ಹಾಳೆಯನ್ನು ಮೇಜಿನ ಮೇಲೆ ಹರಡಿದಳು. ನಿರ್ದೇಶಕರು ಮೇಲಿಂದ ಕೆಳಕ್ಕೆ ಓದಿದರು, ಇನ್ನೊಮ್ಮೆ ಓದಿದರು. ಆಮೇಲೆ ಹಾಳೆಯನ್ನು ಮಡಚಿ ಆಕೆಯ ಕಡೆಗೇ ತಳ್ಳಿದರು. ದನಿ ಇಳಿದಿತ್ತು.

‘ಇದುವರೆಗೆ ಎಷ್ಟು ವರದಿ ಕೊಟ್ಟಿದ್ದೀರಿ?’

‘ಮೂವತ್ತೊಂದು.’

‘ನಾಳೆ ನೀವು ಎದ್ದು ನಿಂತು ತಪ್ಪಾಯ್ತು ಅಂದ್ರೆ, ನಾಡಿದ್ದು ಮೂವತ್ತೊಂದು ವಕೀಲರು ಈ ಬಾಗಿಲಲ್ಲಿ ಸಾಲು ನಿಲ್ತಾರೆ. ನಿಮ್ಮ ಕೆಲಸ ಹೋಗೋದು ಹಾಗಿರಲಿ, ಈ ಶಾಖೆಗೇ ಬೀಗ. ಒಂದು ಕಾಲಮ್ ನೋಡಿ ಅನುಮಾನ ಬಂತು ಅಂತ ಹೇಳೋಕೆ ಹೋಗ್ಬೇಡಿ. ಕೂತಿದ್ದ ಕೈ ಯಾವುದು ಅಂತ ಕಾಗದ ತನ್ನಿ. ಕಾಗದ ಇಲ್ಲ ಅಂದ್ರೆ ನಾನು ನಿಮ್ಮ ಹಿಂದೆ ಇಲ್ಲ. ಹೇಳಿದ್ದೀನಿ.’

ಗುಮಾಸ್ತೆಯ ಮನೆ ಎರಡು ಬೀದಿ ಕೂಡುವಲ್ಲಿ, ಹೊಲಿಗೆಯಂತ್ರ ರಿಪೇರಿಯ ಅಂಗಡಿಯ ಮೇಲೆ. ಮೆಟ್ಟಿಲಿನ ಕಟಕಟೆಗೆ ಒದ್ದೆ ಬಟ್ಟೆ ಹರವಿದ್ದರು. ಹತ್ತುವವರ ಭುಜಕ್ಕೆ ಅಂಗಿಯ ತಣ್ಣನೆಯ ತೋಳೊಂದು ತಗಲುತ್ತಿತ್ತು. ಬಾಗಿಲು ತೆರೆದವಳು ಗುಮಾಸ್ತೆಯ ತಾಯಿ. ಹೆಸರು ಹುದ್ದೆ ಕೇಳಿಸಿಕೊಂಡು, ಕನ್ನಡಕವನ್ನು ಮೂಗಿನ ಮೇಲಕ್ಕೆ ಒತ್ತಿ, ಬಂದವಳನ್ನು ಅಡಿಯಿಂದ ಮುಡಿಯವರೆಗೆ ಅಳೆದಳು.

‘ಓಹೋ. ಬರೆದೋರು ನೀವೇನಾ?’

ಒಳಗೆ ಗುಮಾಸ್ತೆ ನೆಲದ ಮೇಲೆ ಕುಳಿತು ಯಾರದೋ ಬಟ್ಟೆಗೆ ಅಂಚು ಹೊಲಿಯುತ್ತಿದ್ದಳು. ಮೂವತ್ತರ ಆಚೀಚಿನ ಪ್ರಾಯ. ತಲೆಯೆತ್ತಿದಳು, ಏಳಲಿಲ್ಲ.

‘ಏನ್ ಮೇಡಂ, ನಾಳೆ ತನಕ ತಡೆಯೋಕಾಗ್ಲಿಲ್ವಾ? ಮುಳುಗಿದ್ದೀನೋ ಇನ್ನೂ ಉಸಿರಾಡ್ತಿದ್ದೀನೋ ನೋಡ್ಕೊಂಡು ಹೋಗೋಣ ಅಂತ ಬಂದ್ರಾ?’

‘ಒಂದೇ ಮಾತು ಕೇಳೋಕೆ ಬಂದೆ. ಆ ದಿನ ನಿಮ್ಮ ಪಾಸ್‌ವರ್ಡ್ ಬೇರೆ ಯಾರ ಹತ್ರ ಇತ್ತು?’

ಸೂಜಿ ಬಟ್ಟೆಯಲ್ಲಿ ಅರ್ಧಕ್ಕೆ ನಿಂತಿತು. ಕೆಳಗಿನ ಅಂಗಡಿಯಲ್ಲಿ ಯಾರೋ ಯಂತ್ರದ ಚಕ್ರವನ್ನು ತಿರುಗಿಸಿ ನಿಲ್ಲಿಸಿ, ತಿರುಗಿಸಿ ನಿಲ್ಲಿಸಿ ನೋಡುತ್ತಿದ್ದರು.

‘ಯಾರ ಹತ್ರಾನೂ ಇರ್ಲಿಲ್ಲ.’

‘ಹೇಳ್ಬಿಡೇ,’ ಎಂದಳು ತಾಯಿ.

‘ಅಮ್ಮ, ನೀನು ಸುಮ್ನಿರು. ಇವರು ಕೇಳೋದು ಒಂದು, ಬರೆಯೋದು ಇನ್ನೊಂದು.’

ಜರಡಿಯಮ್ಮ ಕುರ್ಚಿಗಾಗಿ ಕಾಯದೆ ಅವಳ ಎದುರು ನೆಲದ ಮೇಲೆಯೇ ಕುಳಿತಳು. ಅಗಲ ಹಾಳೆಯನ್ನು ಬಿಡಿಸಿ, ಗಾತ್ರದ ಕಾಲಮ್ಮಿನ ಮೇಲೆ ಬೆರಳಿಟ್ಟು, ತಾನು ಕಂಡದ್ದನ್ನು ಕಂಡ ಹಾಗೆ ಹೇಳಿದಳು. ‘ಇದು ಕದ್ದು ಅಳಿಸಿದ್ದಲ್ಲ. ಜಾಗ ಮಾಡಿದ್ದು. ನಾನು ಇದನ್ನ ನೋಡಿರ್ಲಿಲ್ಲ. ನೋಡ್ಬೇಕಿತ್ತು.’

ಗುಮಾಸ್ತೆ ಹಾಳೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನಕ್ಕಳು, ಆ ನಗುವಿನಲ್ಲಿ ಸಂತೋಷದ ಲೇಶವೂ ಇರಲಿಲ್ಲ.

‘ಪಾಸ್‌ವರ್ಡನ್ನ ಇನ್ನೊಬ್ಬರಿಗೆ ಕೊಟ್ಟವರನ್ನ ಕೆಲಸದಿಂದ ವಜಾ ಮಾಡ್ತೀವಿ ಅಂತ ಒಂದು ಸುತ್ತೋಲೆ ಬಂದಿತ್ತು. ನಮ್ಮ ಶಾಖೆಯ ಗೋಡೆಗೆ ಅಂಟಿಸಿದ್ರು. ಎಲ್ಲರ ಹತ್ರಾನೂ ಓದಿದ್ದೀವಿ ಅಂತ ಸಹಿ ತಗೊಂಡ್ರು. ಅದರ ಕೆಳಗೆ ನಿಮ್ಮದೇ ಸಹಿ ಇತ್ತು ಮೇಡಂ.’

‘ಇತ್ತು.’

‘ಈಗ ಹೇಳಿ. ಕೊಟ್ಟಿದ್ದೆ ಅಂದ್ರೆ ನಿಮ್ಮ ಸುತ್ತೋಲೆ ನನ್ನ ಕೆಲಸ ತಿನ್ನತ್ತೆ. ಕೊಟ್ಟಿರ್ಲಿಲ್ಲ ಅಂದ್ರೆ ನಿಮ್ಮ ವರದಿ ನನ್ನನ್ನ ಜೈಲಿಗೆ ಕಳಿಸತ್ತೆ. ಯಾವುದು ವಾಸಿ? ನೀವು ಓದಿದವರು, ನೀವೇ ಆರಿಸಿಕೊಡಿ. ಅಳಿಸಿದ್ದು ಸಾಬೀತಾಗಲ್ಲ, ಪಾಸ್‌ವರ್ಡ್ ವಿಷಯ ಮಾತ್ರ ಬಾಯಿ ಬಿಡ್ಬೇಡ ಅಂತ ನೌಕರರ ಸಂಘದವರು ಹೇಳಿದ್ರು. ಬಿಡ್ಲಿಲ್ಲ.’

‘ನನಗಾದ್ರೂ ಹೇಳ್ಬಹುದಿತ್ತಲ್ಲ?’

‘ನೀವು ಕೇಳಿದ್ರಾ?’

ತಾಯಿ ಒಂದು ಲೋಟ ನೀರು ತಂದು ಬಂದವಳ ಮುಂದೆ ಕುಕ್ಕಿದಳು. ‘ಕುಡೀರಿ. ಕಾಯಿಸಿ ಆರಿಸಿದ್ದು. ಈ ಮನೇಲಿ ಈಗ ನೀರನ್ನ ಯಾರೂ ನಂಬಲ್ಲ.’

ಆಮೇಲೆ ಗುಮಾಸ್ತೆ ತಾನಾಗಿಯೇ ಹೇಳಿದಳು. ‘ನಮ್ಮ ಅಧೀಕ್ಷಕರು ನೇಮದ ಮನುಷ್ಯ. ಒಂದು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಹೋಗೋದಾದ್ರೆ ಚಾರ್ಜ್ ಪಟ್ಟಿ ಬರೆದು, ಎಲ್ಲಾ ಒಪ್ಪಿಸಿ ಹೋಗ್ಬೇಕು. ಬೀರುವಿನ ಬೀಗದಕೈ ಒಂದು, ಮೊಹರು ಎರಡು, ಮಸಿಪ್ಯಾಡ್ ಒಂದು, ಪಾಸ್‌ವರ್ಡ್ ಒಂದು.’

‘ಪಾಸ್‌ವರ್ಡ್... ಒಂದು?’

‘ಒಂದು. ಅಂಟಿಸಿದ ಲಕೋಟೆಯಲ್ಲಿ. ಅವರು ಎಣಿಸಿ ತಗೊಂಡು, ಗಂಟೆ ನಿಮಿಷ ಬರೆದು, ಸಹಿ ಹಾಕ್ತಾರೆ. ಆವತ್ತೂ ಹಾಕಿದ್ರು.’

ಜರಡಿಯಮ್ಮ ಗಡಿಯಾರ ನೋಡಿದಳು. ನಾಲ್ಕಕ್ಕೆ ಹತ್ತು ನಿಮಿಷ. ನೀರು ಸರಬರಾಜು ಕಚೇರಿ ಮುಚ್ಚುವುದು ಐದೂವರೆಗೆ. ಆ ಪಟ್ಟಿ ಇರುವುದು, ಅದರಲ್ಲಿ ಸಿಕ್ಕಿಬೀಳುವ ಮನುಷ್ಯನದೇ ಬೀರುವಿನಲ್ಲಿ. ನಾಲ್ಕು ತಿಂಗಳು ಅದು ಅವನ ಕೈಯಳತೆಯಲ್ಲಿದೆ. ಒಂದು ಬೆಂಕಿಕಡ್ಡಿ ಸಾಕು.

ಟಪಾಲು ಶಾಖೆ ತಲುಪಿದಾಗ ನಾಲ್ಕೂಮುಕ್ಕಾಲು. ಉದ್ದನೆಯ ಕೋಣೆ, ಆರು ಮೇಜು, ಗುಮಾಸ್ತೆಯ ಮೇಜಿನ ಮೇಲೆ ಮುಸುಕು ಹಾಕಿದ ಕಂಪ್ಯೂಟರು. ಕೊನೆಯಲ್ಲಿ ಅಧೀಕ್ಷಕರು, ತೆಳ್ಳನೆಯ ಮೈ, ಗುಂಡಿಯೆಲ್ಲ ಹಾಕಿದ ಅಂಗಿ. ಮೇಜಿನ ಮೇಲೆ ಮೂರು ಪೆನ್ಸಿಲುಗಳು ಒಂದೇ ಉದ್ದಕ್ಕೆ ಹೆರೆದು ಮಲಗಿದ್ದವು. ಈ ಮನುಷ್ಯನ ನೇಮದ ಬಗ್ಗೆ ಇಡೀ ಕಟ್ಟಡದಲ್ಲಿ ನಗೆಮಾತುಗಳಿದ್ದವು. ಸೀನಿದರೂ ಆವಕ ಸಂಖ್ಯೆ ಹಾಕುತ್ತಾರೆ ಎನ್ನುವುದು ಅದರಲ್ಲಿ ಒಂದು.

‘ಚಾರ್ಜ್ ಪಟ್ಟಿಗಳ ಕಡತ ಬೇಕಿತ್ತು ಸರ್.’

ಅವರ ಕಣ್ಣು ಒಂದು ಕ್ಷಣ ಅಲುಗಿತು. ‘ಅಧಿಕಾರ ಪತ್ರ?’

ಯಾವ ದಾಖಲೆಯನ್ನಾದರೂ ಪಡೆಯಬಹುದೆಂದು ನ್ಯಾಯಾಧೀಶರು ಕೊಟ್ಟಿದ್ದ ಪತ್ರವನ್ನು ಆಕೆ ಮುಂದಿಟ್ಟಳು. ಅವರು ಅದನ್ನು ಎರಡು ಸಲ ಓದಿದರು. ಮೊಹರೊತ್ತಿದರು. ಸಂಖ್ಯೆ ಬರೆದರು. ಆಮೇಲೆ ಕೇಳಿದರು: ‘ಯಾವ ದಿನಾಂಕದ್ದು?’

ಆಕೆ ದಿನಾಂಕ ಹೇಳಿದಳು. ಅವರು ಎದ್ದು ಬೀರು ತೆರೆದು, ಹುಡುಕದೆಯೇ ಒಂದು ಕಡತವನ್ನು ಎಳೆದು, ತಂದು ಮೇಜಿನ ಮೇಲಿಟ್ಟರು. ಇಟ್ಟರು, ಆದರೆ ಅಂಗೈಯನ್ನು ಅದರ ಮೇಲಿನಿಂದ ತೆಗೆಯಲಿಲ್ಲ. ಕೋಣೆಯಲ್ಲಿ ಉಳಿದವರು ತಮ್ಮ ತಮ್ಮ ಕಾಗದಗಳಲ್ಲಿ ಮುಖ ಹುದುಗಿಸಿದರು. ಕಿವಿಗಳು ಮಾತ್ರ ಈ ಕಡೆಯೇ ಇದ್ದವು.

‘ಇದನ್ನ ಕೊಡದೇ ಇದ್ರೆ?’

‘ಕೊಡಲಿಲ್ಲ ಅಂತ ಬರೀತೀನಿ.’

‘ಆ ಹಾಳೆ ಸಿಗಲಿಲ್ಲ ಅಂದ್ರೆ?’

‘ನಿಮ್ಮ ಕಡತದಲ್ಲಿ ಒಂದು ಹಾಳೆ ಸಿಗಲಿಲ್ಲ ಅಂದ್ರೆ ಈ ಕಟ್ಟಡದಲ್ಲಿ ಯಾರು ನಂಬ್ತಾರೆ ಸರ್?’

ಅಧೀಕ್ಷಕರ ತುಟಿ ಓರೆಯಾಯಿತು. ‘ಅದೇ ಆಗಿದ್ದು ನೋಡಿ. ಹರಿದು ಹಾಕೋಣ ಅಂತ ಎಷ್ಟು ಸಲ ತೆಗೆದೆನೋ. ಪುಟಸಂಖ್ಯೆ ಇನ್ನೂರ ಹದಿನಾಲ್ಕು. ಅದನ್ನ ತೆಗೆದ್ರೆ ಇನ್ನೂರ ಹದಿಮೂರಾದ ಮೇಲೆ ಇನ್ನೂರ ಹದಿನೈದು ಬರತ್ತೆ. ಕೈ ಬರ್ಲಿಲ್ಲ.’ ಸ್ವಲ್ಪ ತಡೆದು ಹೇಳಿದರು: ‘ನಿವೃತ್ತಿಗೆ ಏಳು ತಿಂಗಳಿದೆ ನನಗೆ.’

ಈ ಸಲ ಕೇಳಬೇಕು, ಪೂರ್ತಿಯಾಗಿ ಕೇಳಬೇಕು ಎಂದುಕೊಂಡಳು ಜರಡಿಯಮ್ಮ.

‘ಸಚಿವಾಲಯದಿಂದ ಮೂರು ಸಲ ಫೋನು. ಪತ್ರ ವಾಪಸು ಬರ್ತಿದೆ, ನೀವೇನು ನಿದ್ದೆ ಮಾಡ್ತಿದ್ದೀರಾ ಅಂತ. ಲಕೋಟೆ ಒಡೆದೆ. ದಪ್ಪಗಿದ್ದವನ್ನ ಮೇಲಿಂದ ತೆಗೀತಾ ಹೋದೆ. ಪರೀಕ್ಷಾ ಫಲಿತಾಂಶ ಅಂತ ಇತ್ತು. ಅದು ಪ್ರತಿ ವಾರ ಬರೋದೇ, ಕಾಗದದಲ್ಲೂ ಬರತ್ತೆ ಅಂದ್ಕೊಂಡೆ. ಆವತ್ತಿನದು ಬರ್ಲಿಲ್ಲ.’

‘ಯಾವಾಗ ಗೊತ್ತಾಯ್ತು?’

‘ಆಸ್ಪತ್ರೆ ಸುದ್ದಿ ಬಂದ ದಿನವೇ. ಹೇಳಬೇಕು ಅಂತ ಎರಡು ಸಲ ಸಾಹೇಬರ ಬಾಗಿಲ ತನಕ ಹೋಗಿ ಬಂದೆ. ಅಷ್ಟರಲ್ಲಿ ನಿಮ್ಮ ವರದಿ ಬಂತು. ಅವಳೇ ಅಂತ ಬರೆದಿದ್ರಿ, ಉದ್ದೇಶಾನೂ ಬರೆದಿದ್ರಿ. ನಾನು ನಿಮ್ಮ ವಾಕ್ಯದ ಹಿಂದೆ ಅವಿತುಕೊಂಡುಬಿಟ್ಟೆ ಮೇಡಂ. ಚೆನ್ನಾಗಿ ಮರೆ ಕೊಡ್ತು ಅದು.’

ಅವರು ಕೈ ತೆಗೆದರು. ಇನ್ನೂರ ಹದಿನಾಲ್ಕನೆಯ ಹಾಳೆಯಲ್ಲಿ ಗುಮಾಸ್ತೆಯ ದುಂಡನೆಯ ಅಕ್ಷರ: ಬೀಗದಕೈ ಒಂದು, ಮೊಹರು ಎರಡು, ಮಸಿಪ್ಯಾಡ್ ಒಂದು, ಪಾಸ್‌ವರ್ಡ್ ಒಂದು. ಕೆಳಗೆ ಅಧೀಕ್ಷಕರ ಹಸ್ತಾಕ್ಷರ: ‘ಸ್ವೀಕರಿಸಿದೆ, ಹನ್ನೆರಡು ಗಂಟೆ ನಾಲ್ಕು ನಿಮಿಷ’. ಅದರ ಕೆಳಗೆ, ‘ಹಿಂದಿರುಗಿಸಿದೆ, ಎರಡು ಗಂಟೆ ಹತ್ತು ನಿಮಿಷ’.

ಆಕೆ ಹಾಳೆಯನ್ನು ಕಡತದಿಂದ ಬಿಡಿಸಿಕೊಂಡು ಎದ್ದಳು. ಅಧೀಕ್ಷಕರ ಕೈ ತಾನಾಗಿ ಮುಂದೆ ಬಂತು.

‘ಸ್ವೀಕೃತಿ ಬರೆದುಕೊಟ್ಟು ಹೋಗಿ.’

ಆಕೆ ಬರೆದುಕೊಟ್ಟಳು. ಹಾಳೆ ಒಂದು.

ಮನೆಗೆ ಬಂದಾಗ ಅತ್ತೆ ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತು ತರಕಾರಿ ಬಿಡಿಸುತ್ತಿದ್ದರು. ಗಂಡ ರೈಲಿನ ಗಾರ್ಡು. ವಾರದಲ್ಲಿ ನಾಲ್ಕು ದಿನ ಹಳಿಯ ಮೇಲೆಯೇ ಬದುಕು. ಹೀಗಾಗಿ ಮನೆಯ ಸುಖದುಃಖದ ಮಾತೆಲ್ಲ ಈ ಅತ್ತೆ ಸೊಸೆಯರ ನಡುವೆಯೇ. ಅತ್ತೆ ಮೂವತ್ತು ವರ್ಷ ದೂರವಾಣಿ ವಿನಿಮಯ ಕೇಂದ್ರದಲ್ಲಿ ತಂತಿ ಜೋಡಿಸಿದವರು. ಈಗಲೂ ಯಾರ ಮಾತನ್ನೂ ನಡುವೆ ಕತ್ತರಿಸುವ ಹಕ್ಕು ತಮಗಿದೆ ಎಂದೇ ಬಗೆದವರು. ಸೊಸೆ ಎಲ್ಲವನ್ನೂ ಹೇಳಿ ಮುಗಿಸಿದಾಗ ಅವರು ಕೇಳಿದ್ದು ಇಷ್ಟೇ:

‘ಕಾಗದ ಸಿಕ್ಕಿತಲ್ಲ. ಇನ್ನೇನು ಹೆದರಿಕೆ?’

‘ಅಧೀಕ್ಷಕರು ಮಾಡಿದ್ದು ಅಂತ ಹೇಳಿ ಕೂತ್ಕೊಂಡ್ರೆ ಸಾಕು ಅತ್ತೆ, ಹೊಸ ದಾಖಲೆ ಸಿಕ್ತು ಅಂತ. ನನ್ನ ಮೇಲೆ ಏನೂ ಬರೋದಿಲ್ಲ. ಆದ್ರೆ ಉದ್ದೇಶ ಸ್ಪಷ್ಟ ಅಂತ ಬರೆದಿದ್ದು ನಾನು. ಅದು ಕಾಗದ ಸಿಗದೇ ಇದ್ದಿದ್ದಕ್ಕೆ ಆದ ತಪ್ಪಲ್ಲ.’

‘ನಾನು ದಿನಕ್ಕೆ ಹತ್ತು ತಪ್ಪು ನಂಬರಿಗೆ ಜೋಡಿಸ್ತಿದ್ದೆ. ಕ್ಷಮಿಸಿ ಅಂದು ತಂತಿ ಕಿತ್ತು ಬೇರೆ ಕಡೆ ಚುಚ್ತಿದ್ದೆ. ನೀನು ಒಂದು ತಂತಿ ಕೀಳೋಕೆ ಇಷ್ಟು ಒದ್ದಾಡ್ತೀಯಲ್ಲೇ!’

‘ನಿಮ್ಮ ತಪ್ಪು ನಂಬರಿಗೆ ಯಾರೂ ಕೆಲಸ ಕಳ್ಕೊಳ್ತಿರಲಿಲ್ಲ ಅತ್ತೆ.’

‘ಅದಕ್ಕೇ ಬೇಗ ಕೀಳು ಅಂದೆ,’ ಎಂದು ಮುದುಕಿ ತರಕಾರಿಯ ಬುಟ್ಟಿಯನ್ನು ಸೊಸೆಯ ಮಡಿಲಿಗೆ ಹಾಕಿದರು.

ವಿಚಾರಣೆಯ ಕೋಣೆ ಚಿಕ್ಕದು. ನ್ಯಾಯಾಧೀಶರ ಎಡಕ್ಕೆ ನಿರ್ದೇಶಕರು, ಬಲಕ್ಕೆ ನೀರು ಕಚೇರಿಯ ವಕೀಲ, ಗೋಡೆಯ ಬದಿಗೆ ಗುಮಾಸ್ತೆ, ಅವಳಿಂದ ಮೂರು ಕುರ್ಚಿ ಬಿಟ್ಟು ಅಧೀಕ್ಷಕರು. ಬೆಳಿಗ್ಗೆಯೇ ನಿರ್ದೇಶಕರು ಇನ್ನೂರ ಹದಿನಾಲ್ಕನೆಯ ಹಾಳೆಯನ್ನು ನೋಡಿ ನಿಟ್ಟುಸಿರು ಬಿಟ್ಟು, ‘ದೇವರು ದೊಡ್ಡವನು. ಹೊಸ ದಾಖಲೆ ಅನ್ನಿ, ಅಷ್ಟಕ್ಕೇ ನಿಲ್ಲಿಸಿ’ ಎಂದಿದ್ದರು.

ಪರೀಕ್ಷಕಿ ಪಟ್ಟಿಯನ್ನೂ ಹಾಳೆಯನ್ನೂ ಮಂಡಿಸಿದಳು. ಅಧೀಕ್ಷಕರು ಕರೆಯುವ ಮುನ್ನವೇ ಎದ್ದು, ಸಹಿ ತನ್ನದೆಂದೂ ಕೈ ತನ್ನದೆಂದೂ ಒಪ್ಪಿಕೊಂಡರು. ಕೋಣೆಯಲ್ಲಿ ಗುಜುಗುಜು ಎದ್ದಿತು. ನ್ಯಾಯಾಧೀಶರು, ‘ಸರಿ, ನೀವು ಕುಳಿತುಕೊಳ್ಳಬಹುದು’ ಎಂದು ಆಕೆಯ ಕಡೆ ಕೈ ಮಾಡಿದರು. ನಿರ್ದೇಶಕರ ಮುಖ ಸಡಿಲವಾಯಿತು.

ಜರಡಿಯಮ್ಮ ಕುಳಿತುಕೊಳ್ಳಲಿಲ್ಲ. ಮೇಜಿನ ಅಂಚನ್ನು ಹಿಡಿದಳು.

‘ಸ್ವಾಮಿ, ಈ ಕಾಗದ ಸಿಗದೇ ಇದ್ದಿದ್ರೂ ನನ್ನ ವರದಿ ತಪ್ಪೇ. ಖಾತೆ ಯಾರದು ಅನ್ನೋದಷ್ಟೇ ನನಗೆ ಗೊತ್ತಿತ್ತು. ಕೈ ಯಾರದು ಅಂತ ಗೊತ್ತಿರ್ಲಿಲ್ಲ, ವಿಚಾರಿಸಲೂ ಇಲ್ಲ. ಉದ್ದೇಶ ಇತ್ತು ಅಂತ ಬರೆದದ್ದಕ್ಕೆ ಆಧಾರವೇ ಇರ್ಲಿಲ್ಲ. ಪತ್ರದ ಗಾತ್ರದ ಕಾಲಮ್ಮನ್ನ ಪುಟ ಸಾಲಲಿಲ್ಲ ಅಂತ ನಾನೇ ಕೈಬಿಟ್ಟಿದ್ದೆ. ಆ ವಾಕ್ಯಗಳನ್ನ ವಾಪಸು ತಗೊಳ್ತೀನಿ.’

ನ್ಯಾಯಾಧೀಶರು ಕನ್ನಡಕ ಸರಿಪಡಿಸಿಕೊಂಡರು. ‘ಹಳೆಯ ವರದಿಯಲ್ಲೂ ನೀವು ಇಷ್ಟೇ ಗಟ್ಟಿಯಾಗಿ ಮಾತಾಡಿದ್ದಿರಿ. ಈಗಿನದನ್ನ ನಾನು ಯಾಕೆ ನಂಬಬೇಕು?’

‘ನಂಬಬೇಡಿ. ಈ ಸಲ ಎಲ್ಲಾ ಕಾಲಮ್ಮೂ ಇದೆ. ನೀವೇ ಓದಿ ನೋಡಿ.’

ಅವರು ಓದಿದರು. ಪೊರೆಗಣ್ಣಿನ ಓದು; ಬೆರಳು ಅಂಕೆಯಿಂದ ಅಂಕೆಗೆ ಇಳಿಯುತ್ತಿದ್ದುದನ್ನು ಇಡೀ ಕೋಣೆ ನೋಡಿತು. ವಕೀಲ ತಾಳಲಾರದೆ ಎದ್ದ: ‘ಹಾಗಾದ್ರೂ ಪಾಸ್‌ವರ್ಡ್ ಕೊಟ್ಟಿದ್ದು ಅಪರಾಧ ಸ್ವಾಮಿ. ಸುತ್ತೋಲೆ ಇದೆ. ಇವರೇ ಬರೆದದ್ದು!’

‘ನಾನೇ ಬರೆದದ್ದು,’ ಎಂದಳು ಆಕೆ. ‘ಪೆಟ್ಟಿಗೆ ಒಂದು ಕೊಟ್ಟು, ಪಾಸ್‌ವರ್ಡ್ ಒಂದು ಕೊಟ್ಟು, ಕೆಲಸ ಮಾಡೋಕೆ ಆರು ಜನರನ್ನ ಇಟ್ಟು, ಹಂಚಬೇಡಿ ಅಂತ ಬರೆದೆ. ಒಬ್ಬರು ರಜೆ ಹಾಕಿದ್ರೆ ಉಳಿದವರು ಏನು ಮಾಡ್ಬೇಕು ಅಂತ ಬರೀಲಿಲ್ಲ. ಕಾಗದದ ಮೇಲೆ ಭದ್ರತೆ ಆಯ್ತು. ಕಚೇರಿಗಳಲ್ಲಿ ಎಲ್ಲರೂ ಕದ್ದು ಕೊಡೋ ಹಾಗಾಯ್ತು, ಕೊಟ್ಟಿದ್ದನ್ನ ಹೇಳದ ಹಾಗಾಯ್ತು. ಇವರೊಬ್ಬರು ಪಟ್ಟಿ ಬರೆದು ಕೊಟ್ರು. ಅದೊಂದೇ ವ್ಯತ್ಯಾಸ.’

ಮಧ್ಯಾಹ್ನ ಮೂರಕ್ಕೆ ಆದೇಶವಾಯಿತು. ಗುಮಾಸ್ತೆಯ ಅಮಾನತು ರದ್ದು. ಪಾಸ್‌ವರ್ಡ್ ಕೊಟ್ಟದ್ದರ ವಿಚಾರ, ಸುತ್ತೋಲೆಯನ್ನೇ ತಿದ್ದಿದ ಮೇಲೆ. ಅಧೀಕ್ಷಕರು ತಮ್ಮ ಅಳಿಸುವಿಕೆಗೂ ಮೌನಕ್ಕೂ ಬೇರೆಯಾಗಿ ಉತ್ತರಿಸತಕ್ಕದ್ದು. ಪರೀಕ್ಷಕಿಯ ಮೂವತ್ತೊಂದು ವರದಿಗಳನ್ನು ಇನ್ನೊಬ್ಬರು ಪರಿಶೀಲಿಸುವವರೆಗೆ ಆಕೆ ಯಾವ ವಿಚಾರಣೆಯಲ್ಲಿಯೂ ಸಾಕ್ಷಿ ನುಡಿಯಕೂಡದು. ನಿರ್ದೇಶಕರು ಆಕೆಯ ಮುಖವನ್ನೂ ನೋಡದೆ ಹೊರನಡೆದರು.

ಓಣಿಯಂಥ ಪಡಸಾಲೆಯಲ್ಲಿ ಗುಮಾಸ್ತೆ ಬೆಂಚಿನ ಮೇಲೆ ಕುಳಿತಿದ್ದಳು. ಆದೇಶದ ಮೊಹರು ಬಿದ್ದ ಪ್ರತಿಗಾಗಿ ಕಾಯುತ್ತಿದ್ದಳು. ಜರಡಿಯಮ್ಮ ಎದುರು ನಿಂತಳು.

‘ನಿಮ್ಮ ಹತ್ರ ನಾನು...’

‘ಬೇಡ ಮೇಡಂ. ಕ್ಷಮಿಸಿ ಅಂತ ಈಗ ಕೇಳ್ಬೇಡಿ. ನೀವು ಕೇಳಿದ್ರೆ ನಾನು ಪರವಾಗಿಲ್ಲ ಅಂದ್ಬಿಡ್ತೀನಿ. ದೊಡ್ಡವರು ಕೇಳಿದ್ರೆ ಹಾಗನ್ನೋದು ನಮಗೆ ಅಭ್ಯಾಸ.’ ಅವಳು ಕಣ್ಣೆತ್ತಿದಳು. ‘ಪರವಾಗಿಲ್ಲ ಅಂತ ಇನ್ನೂ ನನಗೆ ಅನ್ನಿಸ್ತಿಲ್ಲ.’

‘ಸರಿ,’ ಎಂದಳು ಆಕೆ.

ಒಳಗೆ ಯಾರೋ ಮೊಹರಿಗಾಗಿ ಖಾನೆಗಳನ್ನು ಎಳೆದು ಹುಡುಕುತ್ತಿದ್ದ ಸದ್ದು. ಗುಮಾಸ್ತೆ ತನ್ನ ಚೀಲವನ್ನು ಬೆಂಚಿನಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ತೆರವಾದ ಜಾಗದಲ್ಲಿ ಜರಡಿಯಮ್ಮ ಕುಳಿತಳು. ಪ್ರತಿ ಕೈಗೆ ಬರುವವರೆಗೆ ಇಬ್ಬರೂ ಏಳಲಿಲ್ಲ.